ಊರ ಪಕ್ಕ ವಿಶ್ವವಿದ್ಯಾಲಯ ಬಂತು, ಊರಿಗೇನು ಬಂತು?

ಪ್ರಶ್ನೆ: ನಮ್ಮದು ರಾಯಚೂರು ಕಡೆಯ ಹಳ್ಳಿ. ಊರಿಗೆ ಹತ್ತಿಕೊಂಡೇ ವಿಶ್ವವಿದ್ಯಾಲಯ ಐತಿ. ಮನೆ ಹಿಂದೆ ನಾಲ್ಕು ರೂಮು ಕಟ್ಟಿಸಿ ಓದೋ ಹುಡುಗಿಯರಿಗೆ ಬಾಡಿಗೆ ಕೊಟ್ಟೀವಿ. ಅವರಾಗ ಒಬ್ಬಾಕಿಗೆ ಒಂದೂವರೆ ವರ್ಷದ ಕೂಸು. ನೋಡಿಕೊಳ್ಳೋರಿಲ್ಲ, ವಾರಕ್ಕ ಎರಡು ದಿನ ಕ್ಲಾಸು ತಪ್ಪತೈತಿ. ನನ್ನ ಮಗಳು ಪಿಯುಸಿ. ಅಲ್ಲಿನ ಲೈಬ್ರರಿಗೆ ಹೋದ್ರ ಗೇಟಿನಾಗೇ ತಿರುಗಿಸಿ ಕಳಿಸ್ತಾರ. ಬೋರಿನ ನೀರು ಕುಡಿದು ಸಾಲಿ ಮಕ್ಕಳ ಹಲ್ಲು ಹಳದಿ ಆಗ್ಯಾವ. ವರ್ಷಕ್ಕೊಮ್ಮೆ ಎನ್‌ಎಸ್‌ಎಸ್‌ ಹುಡುಗರು ಬರ್ತಾರ, ಏಳು ದಿನ ಗಟಾರ ಸ್ವಚ್ಛ ಮಾಡಿ, ಸಸಿ ಹಚ್ಚಿ, ಫೋಟೋ ಹೊಡಸ್ಕೊಂಡು ಹೋಗ್ತಾರ. ಊರು ದತ್ತು ತಗೊಂಡಿದ್ದಕ್ಕ ಅವರಿಗೆ ಕೋಟಿಗಟ್ಟಲೆ ರೊಕ್ಕ ಬರತೈತಿ, ಕುಲಪತಿಗಳು ಮನಸ್ಸು ಮಾಡಿದ್ರ ರಸ್ತೆನೂ ಆಗತೈತಿ ಅಂತಾರ ಮಂದಿ. ಖರೇನಾ? ನಾವು ಯಾರನ್ನ ಕೇಳಬೇಕು, ಏನು ಕೇಳಬೇಕು?

ಉತ್ತರ: ನೀರು, ಗ್ರಂಥಾಲಯ, ಕೂಸು, ಶಿಬಿರ, ರಸ್ತೆ ಎಲ್ಲವನ್ನೂ ಒಂದೇ ಪತ್ರದಲ್ಲಿ ಬರೆದಿದ್ದೀರಿ. ಇವುಗಳಲ್ಲಿ ಕೆಲವು ವಿಶ್ವವಿದ್ಯಾಲಯದ ಕೈಯಲ್ಲಿ ಇವೆ, ಕೆಲವು ಇಲ್ಲವೇ ಇಲ್ಲ. ಎಲ್ಲವನ್ನೂ ಒಟ್ಟಿಗೆ ಕೇಳಿದಾಗ ಯಾವುದೂ ಆಗದೆ ಉಳಿಯುತ್ತದೆ. ಆದ್ದರಿಂದ ಮೊದಲು ಬೇರ್ಪಡಿಸೋಣ.

ದತ್ತು ತೆಗೆದುಕೊಂಡರೆ ಕೋಟಿಗಟ್ಟಲೆ ಬರುತ್ತದೆ ಅನ್ನುವುದು ಸುಳ್ಳು. ‘ದತ್ತು ಗ್ರಾಮ’ ಅನ್ನುವ ಮಾತು ಎರಡು ಕಡೆಯಿಂದ ಬಂದಿದೆ. ಒಂದು, 1969ರಲ್ಲಿ ಶುರುವಾದ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್‌. ಇದರಲ್ಲಿ ಪ್ರತಿ ಸ್ವಯಂಸೇವಕ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಕೆಲಸ ಮಾಡಬೇಕು, ಜೊತೆಗೆ ಏಳು ದಿನದ ವಿಶೇಷ ಶಿಬಿರ. ಶಿಬಿರಕ್ಕೆ ಬರುವ ಅನುದಾನ ಹುಡುಗರ ಊಟ, ಓಡಾಟಕ್ಕೇ ಹೆಚ್ಚುಕಡಿಮೆ ಮುಗಿಯುತ್ತದೆ. ಇನ್ನೊಂದು, ಕೇಂದ್ರದ ಉನ್ನತ ಭಾರತ ಅಭಿಯಾನ. 2014ರಲ್ಲಿ ಬಂತು, 2018ರಲ್ಲಿ ಎರಡನೇ ಹಂತ. ಸೇರಿದ ಸಂಸ್ಥೆ ಕನಿಷ್ಠ ಐದು ಹಳ್ಳಿಗಳನ್ನು ಆಯ್ದುಕೊಂಡು ಮನೆಮನೆ ಸಮೀಕ್ಷೆ ಮಾಡಿ, ಊರಿನ ತೊಂದರೆಗೆ ತಾಂತ್ರಿಕ ನೆರವು ಕೊಡಬೇಕು ಅನ್ನುವುದು ಅದರ ಉದ್ದೇಶ. ಎರಡರಲ್ಲೂ ರಸ್ತೆ, ಚರಂಡಿ, ಕಟ್ಟಡಕ್ಕೆ ದುಡ್ಡಿಲ್ಲ. ಕುಲಪತಿಗಳು ಮನಸ್ಸು ಮಾಡಿದರೂ ವಿಶ್ವವಿದ್ಯಾಲಯದ ಖಾತೆಯಿಂದ ನಿಮ್ಮ ಊರಿನ ರಸ್ತೆ ಮಾಡಿಸಲು ಬರುವುದಿಲ್ಲ, ಲೆಕ್ಕಪರಿಶೋಧನೆಯಲ್ಲಿ ಸಿಕ್ಕಿಬೀಳುತ್ತಾರೆ. ರಸ್ತೆ ಬೇಕಿದ್ದರೆ ಗ್ರಾಮ ಪಂಚಾಯಿತಿ, ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗ, ಇಲ್ಲವೇ ಶಾಸಕರ ಮೂಲಕ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದಾರಿ ಹಿಡಿಯಬೇಕು. ಈ ಬೇಡಿಕೆಯನ್ನು ವಿಶ್ವವಿದ್ಯಾಲಯದ ಪತ್ರದಿಂದ ಇವತ್ತೇ ತೆಗೆದುಹಾಕಿ.

ಇನ್ನೊಂದು ಮಾತನ್ನೂ ಕೇಳಿರುತ್ತೀರಿ: ‘ಕೃಷಿ ವಿಶ್ವವಿದ್ಯಾಲಯದವರು ರೈತರಿಗೆ ಅಷ್ಟೆಲ್ಲ ಮಾಡ್ತಾರ, ಇವರಿಗೇನು ಧಾಡಿ?’ ಹೋಲಿಕೆ ಸರಿಯಲ್ಲ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಬೋಧನೆ, ಸಂಶೋಧನೆಯ ಜೊತೆಗೆ ವಿಸ್ತರಣೆಯೂ (ಅಂದರೆ ಅಲ್ಲಿನ ತಿಳಿವಳಿಕೆಯನ್ನು ಹೊರಗಿನ ಜನರಿಗೆ ತಲುಪಿಸುವುದು) ಹುಟ್ಟಿನಿಂದಲೇ ಬಂದ ಕೆಲಸ. ಅದಕ್ಕೆಂದೇ ನಿರ್ದೇಶನಾಲಯವಿದೆ, ಹಗರಿ, ಗಂಗಾವತಿಯಂಥ ಕಡೆ ಕೃಷಿ ವಿಜ್ಞಾನ ಕೇಂದ್ರಗಳಿವೆ, ಸಿಬ್ಬಂದಿಯಿದ್ದಾರೆ. ಸಾಮಾನ್ಯ ವಿಶ್ವವಿದ್ಯಾಲಯಕ್ಕೆ ಇಂಥ ಅಂಗವಿಲ್ಲ. ನಮ್ಮ ಭಾಗದಲ್ಲಂತೂ ಅವು ಎಳೆಯವು. ಬಳ್ಳಾರಿಯದು ಶುರುವಾದದ್ದು 2010ರಲ್ಲಿ, ರಾಯಚೂರು, ಕೊಪ್ಪಳದವು ಅದಾಗಿ ಹತ್ತು-ಹನ್ನೆರಡು ವರ್ಷಕ್ಕೆ ಬಂದವು. ಹೊಸ ಕಡೆಗಳಲ್ಲಿ ಪಾಠದ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಮೇಲೆ ನಡೆಯುತ್ತದೆ. ಒಬ್ಬ ಮೇಷ್ಟ್ರು ಆಸಕ್ತಿಯಿಂದ ನಿಮ್ಮ ಊರಲ್ಲಿ ಏನೋ ಶುರು ಮಾಡುತ್ತಾರೆ, ಮುಂದಿನ ವರ್ಷ ಅವರ ಅವಧಿ ಮುಗಿದಿರುತ್ತದೆ, ಕೆಲಸವೂ ಮುಗಿಯುತ್ತದೆ. ಊರಿನವರು ಇದನ್ನು ಮೋಸ ಅಂದುಕೊಳ್ಳುತ್ತಾರೆ. ಬಹುಪಾಲು ಮೋಸವಲ್ಲ, ಕೆಲಸ ವಿಭಾಗದ ಹೆಸರಲ್ಲಿರದೆ ಒಬ್ಬ ವ್ಯಕ್ತಿಯ ಹೆಸರಲ್ಲಿತ್ತು, ಅಷ್ಟೇ.

ಹಾಗಾದರೆ ಅವರ ಹತ್ತಿರ ಏನಿದೆ? ಪ್ರಯೋಗಾಲಯ ಇದೆ, ಓದುವ ಕೋಣೆ ಇದೆ, ಸಮೀಕ್ಷೆ ಮಾಡಬಲ್ಲ ನೂರಾರು ಹುಡುಗ ಹುಡುಗಿಯರಿದ್ದಾರೆ, ಬೇರೆ ಇಲಾಖೆಗಳಲ್ಲಿ ತೂಕವಿರುವ ಒಂದು ಲೆಟರ್‌ಹೆಡ್ ಇದೆ. ಅವರಿಗೂ ನಿಮ್ಮಿಂದ ಒಂದು ಗರಜು ಇದೆ. ನ್ಯಾಕ್‌ (ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ಸಂಸ್ಥೆ) ಮಾನ್ಯತೆಗೆ ಸಲ್ಲಿಸುವ ವರದಿಯಲ್ಲಿ ಸಂಶೋಧನೆಯ ಜೊತೆ ವಿಸ್ತರಣಾ ಚಟುವಟಿಕೆಗೂ ಅಂಕಗಳಿವೆ. ಎಲ್ಲಿ, ಯಾವಾಗ, ಎಷ್ಟು ವಿದ್ಯಾರ್ಥಿಗಳು, ಏನು ಪರಿಣಾಮ ಅಂತ ದಾಖಲೆ ತೋರಿಸಬೇಕು. ಪಂಚಾಯಿತಿ ಸೀಲು ಹಾಕಿ ‘ಈ ಕೆಲಸದಿಂದ ನಮ್ಮ ಊರಿಗೆ ಇಂಥ ಉಪಯೋಗವಾಯಿತು’ ಎಂದು ಕೊಡುವ ಒಂದು ಪತ್ರ ಅವರಿಗೆ ಹತ್ತು ಫೋಟೋಗಿಂತ ಹೆಚ್ಚು. ಇದನ್ನು ತಿಳಿದುಕೊಂಡು ಮಾತಿಗೆ ಕೂತರೆ ನೀವು ಕೈಯೊಡ್ಡಿ ಕೂತಂತೆ ಆಗುವುದಿಲ್ಲ.

ಈಗ ನೀರು. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಅವಸರದ್ದು ಇದೇ, ವಿಶ್ವವಿದ್ಯಾಲಯ ನಿಜವಾಗಿ ಮಾಡಬಲ್ಲದ್ದೂ ಇದೇ.

ರಾಯಚೂರು, ಕೊಪ್ಪಳ, ಬಳ್ಳಾರಿ ಭಾಗದ ಗಟ್ಟಿ ಕಲ್ಲಿನ ನೆಲದಲ್ಲಿ ಫ್ಲೋರೈಡ್‌ ತೊಂದರೆ ಹಳೆಯದು. ಕಲ್ಲಿನಲ್ಲಿರುವ ಖನಿಜದಿಂದ ಅದು ಅಂತರ್ಜಲಕ್ಕೆ ಇಳಿಯುತ್ತದೆ. ಆದರೆ ಹಲ್ಲು ಹಳದಿಯಾದದ್ದೆಲ್ಲ ಫ್ಲೋರೈಡಿನಿಂದಲೇ ಅಲ್ಲ. ಎಡ-ಬಲ ಎರಡೂ ಕಡೆಯ ಜೋಡಿ ಹಲ್ಲುಗಳಲ್ಲಿ ಒಂದೇ ತರಹದ ಅಡ್ಡ ಗೆರೆ, ಸುಣ್ಣದಂಥ ಬಿಳಿ ಮಚ್ಚೆ ಅಥವಾ ಕಂದು ಕಲೆ ಇದ್ದು, ಶಾಶ್ವತ ಹಲ್ಲು ಹುಟ್ಟುವಾಗಲೇ ಹಾಗಿದ್ದು, ಎಷ್ಟು ತಿಕ್ಕಿದರೂ ಹೋಗದಿದ್ದರೆ ಅನುಮಾನ ಬಲವಾಗುತ್ತದೆ. ಹಲ್ಲಿನ ಹೊರಕವಚ ರೂಪುಗೊಳ್ಳುವುದು ಎಂಟು ವರ್ಷದೊಳಗೆ. ಕಲೆ ಬಿದ್ದ ಮೇಲೆ ನೀರು ಬದಲಿಸಿದರೆ ಆ ಹಲ್ಲು ಸರಿಯಾಗುವುದಿಲ್ಲ. ಹಾಗಾಗಿ ಈಗ ಉಳಿಸಬೇಕಾದದ್ದು ಅಂಗನವಾಡಿಯ ಮತ್ತು ಕೆಳಗಿನ ತರಗತಿಯ ಮಕ್ಕಳನ್ನು.

ರಸಾಯನಶಾಸ್ತ್ರ ಅಥವಾ ಪರಿಸರ ವಿಜ್ಞಾನ ವಿಭಾಗವಿದ್ದರೆ ಫ್ಲೋರೈಡ್‌ ಅಳೆಯುವುದು ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಕಷ್ಟದ ಕೆಲಸವಲ್ಲ. ನೀವು ಮಾಡಬೇಕಾದದ್ದು ಮಾದರಿ ಸರಿಯಾಗಿ ಹಿಡಿಯುವುದು. ಅರ್ಧದಿಂದ ಒಂದು ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ, ಫ್ಲೋರೈಡ್‌ ಪರೀಕ್ಷೆಗೆ ಗಾಜಿನದು ಬೇಡ. ಬೋರನ್ನು ಮೂರರಿಂದ ಐದು ನಿಮಿಷ ಓಡಿಸಿ, ಪೈಪಿನಲ್ಲಿ ನಿಂತ ನೀರು ಹೋಗಲಿ. ಅದೇ ನೀರಿನಿಂದ ಬಾಟಲಿಯನ್ನು ಮೂರು ಸಲ ತೊಳೆದು ತುಂಬಿ. ಯಾವ ಬೋರು, ಯಾವ ದಿನಾಂಕ, ಎಷ್ಟು ಹೊತ್ತಿಗೆ ಎಂದು ಬಾಟಲಿಯ ಮೈಮೇಲೆ ಬರೆಯಿರಿ. ಮುಚ್ಚಳದ ಮೇಲೆ ಬರೆದರೆ ಮುಚ್ಚಳ ಅದಲುಬದಲಾಗಿ ಪರೀಕ್ಷೆ ದಂಡವಾಗುತ್ತದೆ. ರೋಗಾಣು ಇದೆಯಾ ಎಂದು ನೋಡಬೇಕಿದ್ದರೆ ಅದು ಬೇರೆ ಪರೀಕ್ಷೆ: ಪ್ರಯೋಗಾಲಯದವರೇ ಕೊಡುವ ನಿರ್ಜಂತುಕ ಬಾಟಲಿ, ಮಂಜುಗಡ್ಡೆಯ ಡಬ್ಬಿ, ಅದೇ ದಿನ ತಲುಪಿಸುವುದು. ಎರಡನ್ನೂ ಒಂದೇ ಬಾಟಲಿಯಲ್ಲಿ ಮಾಡಬೇಡಿ.

ಒಂದು ಬೋರು ನೋಡಿ ಊರಿನ ನೀರು ಹೀಗೆ ಅನ್ನಲು ಬರುವುದಿಲ್ಲ, ಕೂಗಳತೆಯ ಎರಡು ಬೋರುಗಳಲ್ಲೂ ವ್ಯತ್ಯಾಸವಿರುತ್ತದೆ. ಕುಡಿಯಲು ಬಳಸುವ ಎಲ್ಲ ಬೋರು, ಶಾಲೆಯ ನಲ್ಲಿ, ಮುಖ್ಯವಾಗಿ ಶುದ್ಧ ನೀರಿನ ಘಟಕದಿಂದ ಹೊರಬರುವ ನೀರು, ಎಲ್ಲವನ್ನೂ ಹಿಡಿಯಬೇಕು. ಘಟಕದ ನೀರನ್ನು ಬಹಳ ಕಡೆ ಯಾರೂ ಪರೀಕ್ಷಿಸುವುದಿಲ್ಲ. ಒಳಗಿನ ಪೊರೆ ಹಳತಾದರೆ ಫ್ಲೋರೈಡ್‌ ದಾಟಿ ಬರುತ್ತದೆ, ನೀರು ಮಾತ್ರ ತಿಳಿಯಾಗೇ ಕಾಣುತ್ತದೆ. ಘಟಕದವರು ಟಿಡಿಎಸ್‌ ಮೀಟರ್ ಅದ್ದಿ ‘ನೋಡ್ರಿ ಚಲೋ ಐತಿ’ ಅಂದರೆ ಒಪ್ಪಬೇಡಿ. ಆ ಮೀಟರ್ ಕರಗಿದ ಲವಣಗಳ ಒಟ್ಟು ಮೊತ್ತ ಹೇಳುತ್ತದೆ, ಫ್ಲೋರೈಡ್‌ ಎಷ್ಟು ಅನ್ನುವುದನ್ನು ಹೇಳುವುದಿಲ್ಲ. ಮೇ ತಿಂಗಳಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೆ ನವೆಂಬರಿನಲ್ಲೊಮ್ಮೆ, ಹೀಗೆ ವರ್ಷಕ್ಕೆ ಎರಡು ಸಲ ನೋಡಿದರೆ ಚಿತ್ರ ಸ್ಪಷ್ಟ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಹೆಚ್ಚಿದ್ದರೆ ಕುಡಿಯಲಷ್ಟೇ ಅಲ್ಲ, ಅನ್ನ, ಬೇಳೆ ಬೇಯಿಸಲೂ ಆ ನೀರು ಬೇಡ. ಕುದಿಸಿದರೆ ಫ್ಲೋರೈಡ್‌ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ದಟ್ಟವಾಗುತ್ತದೆ.

ಇಲ್ಲಿ ಎರಡು ಅಪಾಯ ಹೇಳಬೇಕು. ವಿಶ್ವವಿದ್ಯಾಲಯದ ಫಲಿತಾಂಶ ಮೊದಲ ಸೂಚನೆ ಮಾತ್ರ, ಅದರ ಮೇಲೆ ಇಲಾಖೆ ಬೋರು ಮುಚ್ಚುವುದಿಲ್ಲ. ಹೆಚ್ಚು ಬಂದ ಮೂಲಗಳನ್ನು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯದಲ್ಲಿ ಮತ್ತೆ ಪರೀಕ್ಷೆ ಮಾಡಿಸಲು ಪಿಡಿಒ ಮೂಲಕ ಬರೆಯಿರಿ. ಎರಡನೆಯದು, ನಿಮ್ಮ ಊರಿನ ನೀರು ಯಾರದೋ ಪ್ರಬಂಧದಲ್ಲಿ ಒಂದು ಕೋಷ್ಟಕವಾಗಿ ಕೂತು, ಊರಿಗೆ ಒಂದು ಚೀಟಿಯೂ ಬರದಿರುವುದು. ಇದು ಬಹಳ ಕಡೆ ಆಗುವ ಮಾತು. ಮಾದರಿ ಕೊಡುವ ಮೊದಲೇ ಷರತ್ತು ಹಾಕಿ: ಫಲಿತಾಂಶ ಕನ್ನಡದಲ್ಲಿ, ಒಂದೇ ಹಾಳೆಯಲ್ಲಿ, ‘ಕುಡಿಯಬಹುದು’, ‘ಬರೀ ಬಳಕೆಗೆ’ ಎಂದು ಬೋರುವಾರು ಬರೆದು ಪಂಚಾಯಿತಿ ಗೋಡೆಗೆ ಹಚ್ಚಬೇಕು. ಸ್ವಂತ ಬೋರಿನ ನೀರು ಮಾರುವವರಿದ್ದರೆ ಆ ಹಾಳೆಗೆ ಅಡ್ಡಿ ಬರುತ್ತದೆ. ಅದಕ್ಕೇ ಷರತ್ತು ಮೊದಲೇ ಕಾಗದದಲ್ಲಿರಲಿ.

ಗ್ರಂಥಾಲಯದ ವಿಷಯದಲ್ಲಿ ಗೇಟಿನವರ ಮೇಲೆ ಸಿಟ್ಟಾಗಿ ಫಲವಿಲ್ಲ, ಗುರುತಿನ ಚೀಟಿ ಇಲ್ಲದವರನ್ನು ಬಿಡಬೇಡಿ ಅನ್ನುವುದು ಅವರಿಗಿರುವ ಆದೇಶ. ಪುಸ್ತಕ ಮನೆಗೆ ಕೊಡಿ ಎಂದು ಕೇಳಿದರೆ ಕಳೆದುಹೋಗುವ ನೆಪ ಬರುತ್ತದೆ. ಆನ್‌ಲೈನ್ ಪತ್ರಿಕೆಗಳ ಪರವಾನಗಿ ಹೊರಗಿನವರಿಗೆ ಇರುವುದಿಲ್ಲ, ಅದು ನಿಜವೇ. ಶನಿವಾರ, ಭಾನುವಾರ ಕೂತು ಓದಲು ಮಾತ್ರ, ಪಂಚಾಯಿತಿ ಶಿಫಾರಸು ಪತ್ರದ ಮೇಲೆ, ವರ್ಷದ ಚೀಟಿ ಕೇಳಿ. ಇಪ್ಪತ್ತು ಮಕ್ಕಳ ಹೆಸರಿನ ಪಟ್ಟಿ ಜೊತೆಗಿರಲಿ. ಸ್ಪರ್ಧಾತ್ಮಕ ಪರೀಕ್ಷೆಯ ಹೆಚ್ಚುವರಿ ಪ್ರತಿಗಳನ್ನು ನಿಮ್ಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ (ಊರ ಗ್ರಂಥಾಲಯಕ್ಕೆ) ಕೊಡಿಸುವುದು ಇನ್ನೂ ಸುಲಭ. ಹೆಣ್ಣುಮಕ್ಕಳು ಸಂಜೆ ತಿರುಗಿ ಬರುವುದು ಹೇಗೆ ಅನ್ನುವುದನ್ನು ಮರೆಯಬೇಡಿ. ಶಕ್ತಿ ಯೋಜನೆಯಲ್ಲಿ ಟಿಕೆಟ್ ಪುಕ್ಕಟೆ, ಆದರೆ ಬಸ್ಸು ಗೇಟಿನ ಹತ್ತಿರ ನಿಲ್ಲಬೇಕಲ್ಲ. ನಿಲುಗಡೆಗೂ ವೇಳೆಗೂ ಬಸ್ ಡಿಪೋದ ವ್ಯವಸ್ಥಾಪಕರಿಗೆ ವಿಶ್ವವಿದ್ಯಾಲಯದ ಕುಲಸಚಿವರ (ರಿಜಿಸ್ಟ್ರಾರ್) ಪತ್ರ ಹೋದರೆ ಊರಿನ ಅರ್ಜಿಗಿಂತ ಬೇಗ ಕೆಲಸವಾಗುತ್ತದೆ.

ನಿಮ್ಮ ರೂಮಿನ ಆ ತಾಯಿಯ ವಿಷಯಕ್ಕೆ ಕೆಲವು ದಾರಿಗಳಿವೆ. ಕಲಿಯುವ ಹೆಣ್ಣುಮಕ್ಕಳಿಗೆ ಹೆರಿಗೆ ರಜೆ ಮತ್ತು ಹಾಜರಾತಿ ರಿಯಾಯಿತಿಗೆ ನಿಯಮ ಮಾಡಿಕೊಳ್ಳಿ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರಲ್ಲೇ ವಿಶ್ವವಿದ್ಯಾಲಯಗಳಿಗೆ ಬರೆದಿದೆ. ಪಿಎಚ್‌.ಡಿ. ಮಾಡುವವರಿಗಂತೂ 240 ದಿನದವರೆಗೆ ಹೆರಿಗೆ ಮತ್ತು ಮಗುವಿನ ಆರೈಕೆ ರಜೆಯುಂಟು. ಆಕೆ ಎಂ.ಎ. ಓದುತ್ತಿದ್ದರೆ ಕೂಸಿನ ಜನನ ಪ್ರಮಾಣಪತ್ರ ಲಗತ್ತಿಸಿ ವಿಭಾಗದ ಮುಖ್ಯಸ್ಥರಿಗೆ ಈಗಲೇ ಅರ್ಜಿ ಕೊಡಲಿ. ಪರೀಕ್ಷೆಯ ಪ್ರವೇಶಪತ್ರ ತಡೆದ ಮೇಲೆ ಕೊಟ್ಟರೆ ಯಾರೂ ಕೇಳುವುದಿಲ್ಲ. ಆದರೆ ರಿಯಾಯಿತಿಯಿಂದ ಹಾಜರಿ ಉಳಿಯುತ್ತದೆ, ಪಾಠ ಸಿಗುವುದಿಲ್ಲ.

ಪಾಠ ಸಿಗಬೇಕಿದ್ದರೆ ಕೂಸಿಗೆ ಜಾಗ ಬೇಕು. ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದವರನ್ನು. ಅದಕ್ಕಿಂತ ಚಿಕ್ಕವರಿಗೆ ಪಂಚಾಯಿತಿಯ ಕೂಸಿನ ಮನೆ. ಉದ್ಯೋಗ ಖಾತ್ರಿ ಕೂಲಿಕಾರರ ಮಕ್ಕಳಿಗೆಂದು ಶುರುವಾದದ್ದು, ನಿಮ್ಮಲ್ಲಿದ್ದು ಜಾಗ ಖಾಲಿಯಿದ್ದರೆ ಪಿಡಿಒ ಅವರನ್ನು ಕೇಳಿನೋಡಿ. ವೇಳೆ ಮಾತ್ರ ಕ್ಲಾಸಿನ ವೇಳೆಗೆ ಹೊಂದಬೇಕು. ವಿಶ್ವವಿದ್ಯಾಲಯದ ಒಳಗೇ ಶಿಶುಪಾಲನಾ ಕೊಠಡಿ ಮಾಡಿ ಎನ್ನುವುದು ಒಳ್ಳೆಯ ಬೇಡಿಕೆ, ಆದರೆ ಕೊಠಡಿ ಸಿಗುತ್ತದೆ, ಆಯಾ ಸಂಬಳ ಸಿಗುವುದಿಲ್ಲ. ಉದ್ಘಾಟನೆಯಾಗಿ ಬೀಗ ಬೀಳುವುದು ಹೀಗೆ. ಅಲ್ಲಿನ ನೌಕರರ ಮಕ್ಕಳೂ ಬರುವಂತಿದ್ದರೆ ಮಾತ್ರ ಅದು ಬಾಳುತ್ತದೆ. ಅಲ್ಲಿಯವರೆಗೆ ಸ್ವಸಹಾಯ ಸಂಘದ ಒಬ್ಬ ನಂಬಿಕಸ್ಥ ಹೆಣ್ಣುಮಗಳು ನಾಲ್ಕೈದು ಕೂಸುಗಳನ್ನು ತಿಂಗಳ ಲೆಕ್ಕದಲ್ಲಿ ನೋಡಿಕೊಳ್ಳುವುದೇ ತಕ್ಷಣದ ದಾರಿ. ಒಬ್ಬರಿಗೆ ಐದಕ್ಕಿಂತ ಹೆಚ್ಚು ಬೇಡ. ಮೆಟ್ಟಿಲು, ತೆರೆದ ನೀರಿನ ತೊಟ್ಟಿ, ನೆಲದ ಮೇಲಿನ ಒಲೆ ಇರುವ ಮನೆ ಬೇಡ. ನೋಡಿಕೊಳ್ಳುವಾಕೆಗೆ ಜ್ವರ ಬಂದ ದಿನ ಯಾರು ನೋಡಬೇಕು ಅನ್ನುವುದು ಮೊದಲೇ ತೀರ್ಮಾನವಾಗಿರಲಿ.

ರೂಮು ಬಾಡಿಗೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ವಿಶ್ವವಿದ್ಯಾಲಯಕ್ಕೂ ಊರಿಗೂ ದಿನಾ ನಡೆಯುವ ವ್ಯವಹಾರ ಅದೊಂದೇ. ಸಾಲ ಮಾಡಿ ಇನ್ನಷ್ಟು ರೂಮು ಕಟ್ಟಿಸುವ ಮೊದಲು ಯೋಚಿಸಿ. ಪ್ರವೇಶಾತಿ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ, ಒಳಗೆ ಹಾಸ್ಟೆಲ್ ಎದ್ದರೆ ಬೇಡಿಕೆ ಒಂದೇ ವರ್ಷದಲ್ಲಿ ಇಳಿಯುತ್ತದೆ, ಸೆಮಿಸ್ಟರ್ ರಜೆಯಲ್ಲಿ ರೂಮು ಖಾಲಿ. ವಿಶ್ವವಿದ್ಯಾಲಯದ ವಿದ್ಯಾರ್ಥಿ ಕ್ಷೇಮಪಾಲನಾ ವಿಭಾಗ ಊರಿನ ರೂಮುಗಳ ಒಂದು ಪಟ್ಟಿ ಇಡುವಂತೆ ಕೇಳಬಹುದು. ಒಳಗಿನಿಂದ ಚಿಲಕ, ಕಿಟಕಿ, ಶೌಚಾಲಯ, ಸರಿಯಾದ ವೈರಿಂಗ್ ಮತ್ತು ಟ್ರಿಪ್ ಸ್ವಿಚ್, ಪ್ರತ್ಯೇಕ ಮೀಟರ್, ಇಷ್ಟು ನೋಡಿ ಪಟ್ಟಿಗೆ ಸೇರಿಸಿದರೆ ಮಕ್ಕಳ ತಂದೆತಾಯಿಗೂ ನೆಮ್ಮದಿ, ನಿಮಗೂ ಬಾಡಿಗೆದಾರರು ತಪ್ಪುವುದಿಲ್ಲ. ಮುಂಗಡ ಎಷ್ಟು, ಬಿಡುವ ಮೊದಲು ಎಷ್ಟು ದಿನ ತಿಳಿಸಬೇಕು ಎಂಬ ಕರಾರು ಬರೆದಿರಲಿ. ಇನ್ನೊಂದು ಮಾತು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ‘ಯಾವ ಮಂದಿ ನೀವು?’ ಎಂದು ಕೇಳಿ, ಉತ್ತರ ಕೇಳಿದ ಮೇಲೆ ‘ರೂಮು ಖಾಲಿ ಇಲ್ಲ’ ಅನ್ನುವ ಮನೆಗಳು ನಮ್ಮ ಕಡೆ ಇವೆ. ಜಾತಿ ಕೇಳಿದ ಮಾಲೀಕರ ಹೆಸರು ಪಟ್ಟಿಯಿಂದ ಹೋಗುತ್ತದೆ ಎಂಬ ಷರತ್ತು ಇಲ್ಲದಿದ್ದರೆ ವಿಶ್ವವಿದ್ಯಾಲಯ ಅಂಥ ಪಟ್ಟಿಯನ್ನೇ ಮಾಡಬಾರದು.

ಎನ್‌ಎಸ್‌ಎಸ್‌ ಶಿಬಿರದಲ್ಲಿ ಹಚ್ಚಿದ ಸಸಿ ಒಣಗುವುದಕ್ಕೆ ಕಾರಣ ಹುಡುಗರ ಸೋಮಾರಿತನವಲ್ಲ, ತಿಂಗಳು. ಶಿಬಿರ ಫೆಬ್ರವರಿ, ಮಾರ್ಚಿನಲ್ಲಿ ಬಂದರೆ ರಾಯಚೂರಿನ ಬಿಸಿಲಿಗೆ ಯಾವ ಸಸಿ ನಿಲ್ಲುತ್ತದೆ? ಆಗ ಗುಂಡಿ ತೋಡಿಸಿ ಬಿಡಿ, ಜುಲೈ-ಆಗಸ್ಟಿನಲ್ಲಿ ಅವರ ನಿಯಮಿತ ಗಂಟೆಗಳಲ್ಲಿ ಬಂದು ಹಚ್ಚಲಿ. ಗಟಾರ ತೆಗೆಯುವುದು ಪಂಚಾಯಿತಿ ಕೆಲಸ, ಅದನ್ನು ಹುಡುಗರ ಕೈಲಿ ಮಾಡಿಸಬೇಡಿ. ಏಳು ದಿನದಲ್ಲಿ ಅವರು ಚೆನ್ನಾಗಿ ಮಾಡಬಲ್ಲದ್ದು ಮನೆಮನೆ ಸಮೀಕ್ಷೆ: ಶಾಲೆ ಬಿಟ್ಟ ಮಕ್ಕಳು, ಪಿಂಚಣಿ ಬರದ ವೃದ್ಧರು, ಶೌಚಾಲಯ ಇದ್ದೂ ಬಳಸದ ಮನೆ. ಕೊನೆಯ ದಿನ ಒಟ್ಟು ಲೆಕ್ಕವನ್ನು ಗ್ರಾಮ ಸಭೆಯಲ್ಲಿ ಓದಿ, ಪ್ರತಿಯನ್ನು ಪಂಚಾಯಿತಿಗೆ ಕೊಟ್ಟು ಹೋಗಬೇಕು. ಮನೆಯವರ ಹೆಸರು ಮಾತ್ರ ಸಭೆಯಲ್ಲಿ ಓದಬಾರದು. ಹತ್ತನೇ ತರಗತಿಗೆ ಗಣಿತ, ಇಂಗ್ಲಿಷ್ ಪಾಠ ಬೇಕಿದ್ದರೆ ಎನ್‌ಎಸ್‌ಎಸ್‌ಗಿಂತ ಬಿ.ಎಡ್. ವಿದ್ಯಾರ್ಥಿಗಳು ಮೇಲು. ಅವರ ಕೋರ್ಸಿನಲ್ಲೇ ವಾರಗಟ್ಟಲೆ ಶಾಲಾ ತರಬೇತಿ ಕಡ್ಡಾಯ, ಹಾಗಾಗಿ ಅರ್ಧಕ್ಕೆ ಬಿಟ್ಟು ಹೋಗುವುದಿಲ್ಲ. ಪಾಠ ಶಾಲೆಯಲ್ಲೇ, ಮುಖ್ಯೋಪಾಧ್ಯಾಯರ ಒಪ್ಪಿಗೆಯಿಂದ, ಇಬ್ಬರು ಜೊತೆಯಾಗಿ.

ಕೇಳುವ ಕ್ರಮ ಹೀಗಿರಲಿ. ನಿಮ್ಮೊಬ್ಬರ ಅರ್ಜಿ ಬೇಡ. ಗ್ರಾಮ ಸಭೆಯಲ್ಲಿ ಠರಾವು ಮಾಡಿಸಿ, ಪಂಚಾಯಿತಿ ಲೆಟರ್‌ಹೆಡ್ಡಿನಲ್ಲಿ ಒಂದು ಪುಟ, ಮೂರೇ ಬೇಡಿಕೆ. ಪತ್ರ ಕುಲಪತಿಗಳಿಗಲ್ಲ, ಕುಲಸಚಿವರಿಗೆ (ಆಡಳಿತ). ಕುಲಪತಿಗಳ ಅವಧಿ ನಾಲ್ಕು ವರ್ಷ, ಅವರ ಬಾಯಿಮಾತು ಅವರ ಜೊತೆಗೇ ಹೋಗುತ್ತದೆ. ಕುಲಸಚಿವರ ಕಚೇರಿಯಲ್ಲಿ ಕಡತ ತೆರೆದರೆ ಅವರು ವರ್ಗವಾದರೂ ಕಡತ ಇರುತ್ತದೆ. ಎನ್‌ಎಸ್‌ಎಸ್‌ ಸಂಯೋಜನಾಧಿಕಾರಿಗೂ ಸಂಬಂಧಪಟ್ಟ ವಿಭಾಗದ ಮುಖ್ಯಸ್ಥರಿಗೂ ಪ್ರತಿ ಹಾಕಿ. ಶೈಕ್ಷಣಿಕ ವೇಳಾಪಟ್ಟಿ ನೋಡಿ, ಸೆಮಿಸ್ಟರ್ ಶುರುವಾಗುವ ಒಂದು ತಿಂಗಳ ಮುಂಚೆ ಕೊಡಿ. ಪರೀಕ್ಷೆಯ ಹೊತ್ತಿಗೆ ಕೊಟ್ಟ ಪತ್ರ ಕಡತದಲ್ಲೇ ಮಲಗುತ್ತದೆ. ಆವಕ ಶಾಖೆಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ಸಂಖ್ಯೆ, ದಿನಾಂಕ ಹಾಕಿಸಿಕೊಳ್ಳಿ. ಒಪ್ಪಿಗೆ ಬಂದರೆ ಮೂರು ವರ್ಷದ ಒಡಂಬಡಿಕೆ ಕೇಳಿ, ಅದರಲ್ಲಿ ವಿಭಾಗದ ಹೆಸರಿರಲಿ, ವ್ಯಕ್ತಿಯದಲ್ಲ.

ಬೇಡಿಕೆಯ ಮಾತು ಹೀಗೆ ಅಳತೆಗೆ ಸಿಗುವಂತಿರಬೇಕು: ‘ನಮ್ಮ ಗ್ರಾಮದ ಎಲ್ಲ ಕುಡಿಯುವ ನೀರಿನ ಮೂಲಗಳನ್ನು ಪ್ರತಿ ವರ್ಷ ಮೇ ಮತ್ತು ನವೆಂಬರ್ ತಿಂಗಳಲ್ಲಿ ತಮ್ಮ ರಸಾಯನಶಾಸ್ತ್ರ ವಿಭಾಗದಿಂದ ಫ್ಲೋರೈಡ್‌ ಪರೀಕ್ಷೆ ಮಾಡಿ, ಹದಿನೈದು ದಿನದೊಳಗೆ ಕನ್ನಡದಲ್ಲಿ ಫಲಿತಾಂಶ ನೀಡಬೇಕು. ಮಾದರಿ ಸಂಗ್ರಹಿಸಿ ತಲುಪಿಸುವ ಜವಾಬ್ದಾರಿ ಪಂಚಾಯಿತಿಯದು.’ ‘ಗ್ರಾಮದ ಅಭಿವೃದ್ಧಿಗೆ ಸಹಕರಿಸಬೇಕು’ ಎಂದು ಬರೆದರೆ ‘ಸಹಕರಿಸಲಾಗುವುದು’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು.

ತಿಂಗಳು ಕಾದರೂ ಉತ್ತರ ಬರದಿದ್ದರೆ ಒಂದು ನೆನಪೋಲೆ. ಅದಕ್ಕೂ ಸುಮ್ಮನಿದ್ದರೆ ಮಾಹಿತಿ ಹಕ್ಕು, ಹತ್ತು ರೂಪಾಯಿ ಶುಲ್ಕ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಹಿಂದಿನ ಮೂರು ವರ್ಷದ ದತ್ತು ಗ್ರಾಮಗಳ ಪಟ್ಟಿ, ಶಿಬಿರಗಳ ವರದಿ ಮತ್ತು ಖರ್ಚು, ನ್ಯಾಕ್‌ಗೆ ಸಲ್ಲಿಸಿದ ವಿಸ್ತರಣಾ ಚಟುವಟಿಕೆಗಳ ಪಟ್ಟಿ ಕೇಳಿ. 30 ದಿನದೊಳಗೆ ಕೊಡಬೇಕು, ಕೊಡದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ. ಆದರೆ ಶುರುವಿನಲ್ಲೇ ಮಾಹಿತಿ ಹಕ್ಕಿನ ಅರ್ಜಿ ಹಿಡಿದು ಹೋಗಬೇಡಿ. ನಿಮಗೆ ಬೇಕಿರುವುದು ಪ್ರಯೋಗಾಲಯದ ಬಾಗಿಲು, ಅದನ್ನು ತೆರೆಯುವವರು ವಿಭಾಗದ ಒಬ್ಬಿಬ್ಬರು ಮೇಷ್ಟ್ರು. ಪತ್ರ ಕೊಡುವ ಮುಂಚೆ ಪಂಚಾಯಿತಿ ಅಧ್ಯಕ್ಷರ ಜೊತೆ ಹೋಗಿ ಅವರನ್ನು ಒಮ್ಮೆ ಕಂಡು ಬನ್ನಿ, ಶಾಲೆಯ ನಲ್ಲಿಯ ಒಂದು ಬಾಟಲಿ ನೀರನ್ನೂ ಜೊತೆಗೆ ಒಯ್ಯಿರಿ.